ಒಂದು ವರ್ಷಕ್ಕೆ ಎರಡು ಹೆಸರು: ನಮ್ಮ ಸೀಮೆಯ 1948

ಕಾಳಗಿ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ವಯಸ್ಸಾದವರ ಹುಟ್ಟಿದ ವರ್ಷ ಕೇಳಿದರೆ ಇಸವಿ ಸಿಗುವುದು ಅಪರೂಪ. ‘ಗದ್ಲದಾಗ ನಾ ಎಮ್ಮಿ ಕಾಯೋ ಹುಡುಗ ಇದ್ದೆ’ ಎಂದು ಒಬ್ಬರು ಹೇಳುತ್ತಾರೆ. ಅದೇ ಓಣಿಯ ಇನ್ನೊಬ್ಬರು ‘ಪುಲೀಸ್ ಆ್ಯಕ್ಷನ್ ಮೇ ಮೈ ಅಮ್ಮಾ ಕೀ ಗೋದ್ ಮೇ ಥಾ’ ಎನ್ನುತ್ತಾರೆ. ಅಮ್ಮನ ಮಡಿಲಲ್ಲಿದ್ದೆ ಎಂದು. ಇಬ್ಬರೂ ಹೇಳುತ್ತಿರುವುದು 1948ನೇ ಇಸವಿಯನ್ನೇ. ಮೊದಲನೆಯವರ ಗದ್ಲ ಎಂದರೆ ರಜಾಕಾರರ ಹಾವಳಿ. ಅದು ಆ ವರ್ಷದ ಸೆಪ್ಟೆಂಬರ್ ನಡುವಿಗೆ ಮುಗಿಯುತ್ತದೆ. ಎರಡನೆಯವರ ಆ್ಯಕ್ಷನ್ ಎಂದರೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದ ದಿನಗಳು ಮತ್ತು ಅದರ ನಂತರದ ವಾರಗಳು. ಅದು ಶುರುವಾಗುವುದೇ ಸೆಪ್ಟೆಂಬರ್ ನಡುವಿನಿಂದ. ಒಬ್ಬರ ಕತೆ ನಿಲ್ಲುವಲ್ಲಿ ಇನ್ನೊಬ್ಬರ ಕತೆ ಹೊರಡುತ್ತದೆ. ಒಂದೇ ಕಟ್ಟೆಯ ಮೇಲೆ ಕೂತು ಬೀಡಿಗೆ ಬೆಂಕಿ ಹಂಚಿಕೊಳ್ಳುವ ಇಬ್ಬರು ಮುದುಕರು ಈ ಎರಡು ಕತೆಗಳನ್ನು ಮಾತ್ರ ಮುಕ್ಕಾಲು ಶತಮಾನದಿಂದ ಹಂಚಿಕೊಂಡಿಲ್ಲ.

ಬರೆದವರೂ ಹಾಗೆಯೇ ಮಾಡಿದ್ದಾರೆ. ನಾನು ಉರ್ದು, ಕನ್ನಡ ಎರಡೂ ಶಾಲೆಗಳ ಬೆಂಚು ಸವೆಸಿದವನಾದ್ದರಿಂದ ಎರಡೂ ಕಡೆಯ ಪುಸ್ತಕ ಓದುವ ಅನುಕೂಲ ಸಿಕ್ಕಿದೆ. ಕನ್ನಡದ ವಿಮೋಚನಾ ಹೋರಾಟದ ಬರಹಗಳು ಬಹುಪಾಲು ಸೆಪ್ಟೆಂಬರ್ 17ರಂದು ಧ್ವಜ ಹಾರಿಸಿ ಮುಗಿಯುತ್ತವೆ. ಉರ್ದುವಿನ ನೆನಪಿನ ಬರಹಗಳು ಹೆಚ್ಚಾಗಿ ‘ಸುಕೂತ್-ಎ-ಹೈದರಾಬಾದ್’ ಎಂಬ ಮಾತಿನಿಂದ, ಅಂದರೆ ಹೈದರಾಬಾದಿನ ಪತನದಿಂದ ಆರಂಭವಾಗುತ್ತವೆ. ಅದಕ್ಕೂ ಹಿಂದಿನ ಹನ್ನೆರಡು ತಿಂಗಳು ಅವುಗಳಲ್ಲಿ ಮಂಜು ಮುಸುಕಿದ ಹಾಗೆ. ಹರಿದುಹೋದ ಆ ನಡುವಿನ ಪುಟಗಳ ಬಗ್ಗೆ, ಮತ್ತು ಅವುಗಳನ್ನು ಹುಡುಕಲು ಹೊರಡುವವರು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಡೆದದ್ದು. 1947ರ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಯಾವ ದೇಶಕ್ಕೂ ಸೇರಲಿಲ್ಲ. ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಗುಲಬರ್ಗ, ಬೀದರ, ರಾಯಚೂರು ಕನ್ನಡದವು. ಪ್ರಜೆಗಳಲ್ಲಿ ಮುಸ್ಲಿಮರು ಶೇಕಡ 13ರಷ್ಟು. ಸರಕಾರಿ ನೌಕರಿ, ಪೊಲೀಸು, ಸೈನ್ಯದಲ್ಲಿ ಅವರದೇ ಮೇಲುಗೈ. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಭಾರತದ ಒಂದು ಭಾಷೆಗೆ ಸಿಕ್ಕ ಆ ಗೌರವ ದೊಡ್ಡದು ನಿಜ. ಆದರೆ ಕಾಗಿಣಾ ದಂಡೆಯ ರೈತನ ಮಗನಿಗೆ ಅವನ ಮಾತಿನಲ್ಲಿ ಓದುವ ಶಾಲೆ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಗುಲಬರ್ಗದಲ್ಲಿ 1907ರಲ್ಲಿ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಯನ್ನು ಜನರೇ ಮುಂದೆ ಬಂದು ಕಟ್ಟಿದ ಹಿನ್ನೆಲೆ ಇದು.

ಇಂಥ ರಾಜ್ಯದಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ‘ಅನಲ್ ಮಲಿಕ್’ ಎಂಬ ಘೋಷಣೆ ಹರಡಿತ್ತು. ‘ನಾನೇ ದೊರೆ’ ಎಂದು ಅದರ ಅರ್ಥ. ರಾಜ್ಯದ ಒಡೆತನ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸ್ಲಿಮನದೂ ಹೌದು ಎಂಬ ವಾದ. ಮನೆಯ ಹರಿವೆಯಲ್ಲಿ ನಾಳೆಗೆ ಜೋಳವಿಲ್ಲದ ನೇಕಾರ, ಜಟಕಾ ಹೊಡೆಯುವವ, ಕಸಾಯಿ ಎಲ್ಲರಿಗೂ ನೀನು ರಾಜ ಎಂದು ಹೇಳಲಾಯಿತು. ಬಡವನಿಗೆ ಹೊಟ್ಟೆಗೆ ಕೊಡದೆ ಕಿರೀಟ ತೊಡಿಸುವ ಈ ವಿದ್ಯೆ ಆಗಷ್ಟೇ ಇದ್ದದ್ದೇನೂ ಅಲ್ಲ ಬಿಡಿ. 1944ರಲ್ಲಿ ಬಹಾದೂರ್ ಯಾರ್ ಜಂಗ್ ತೀರಿಕೊಂಡ ಮೇಲೆ ಕೆಲವೇ ವರ್ಷಗಳಲ್ಲಿ ಮಜ್ಲಿಸ್ ಲಾತೂರಿನ ವಕೀಲ ಕಾಸಿಂ ರಜವಿಯ ಕೈಗೆ ಬಂತು. ಅವನ ಸ್ವಯಂಸೇವಕರೇ ರಜಾಕಾರರು. ಇತ್ತ ಸ್ಟೇಟ್ ಕಾಂಗ್ರೆಸ್ 1947ರಲ್ಲಿ ಸತ್ಯಾಗ್ರಹ ಆರಂಭಿಸಿತ್ತು. ಗಡಿಯಾಚೆಯ ಶಿಬಿರಗಳಿಂದ ಕಾರ್ಯಕರ್ತರು ಒಳನುಗ್ಗಿ ಕರೋಡಗಿರಿ ನಾಕಾಗಳ ಮೇಲೆ ಬೀಳುತ್ತಿದ್ದರು. ನಾಕಾ ಸುಟ್ಟ ಮರುದಿನ ರಜಾಕಾರರು ಹಳ್ಳಿಗೆ ಬರುತ್ತಿದ್ದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಇವುಗಳಲ್ಲಿ ಅತ್ಯಂತ ಭೀಕರ. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಎಂದು ಆ ಭಾಗದ ಬರಹಗಳು ಹೇಳುತ್ತವೆ. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ಒಂದು ದಲಿತ ಕುಟುಂಬದ ಮನೆಗೆ ಬೆಂಕಿ ಬಿದ್ದು ತಾಯಿ, ಮಗಳು ಸುಟ್ಟುಹೋದರು. ಉಳಿದ ಪುಟ್ಟ ಹುಡುಗ ತಂದೆಯ ಕೈಹಿಡಿದು ಗುಲಬರ್ಗಕ್ಕೆ ಬಂದ. ಅವರೇ ಇಂದಿನ ಮಲ್ಲಿಕಾರ್ಜುನ ಖರ್ಗೆಯವರು.

ನಮ್ಮ ಮನೆಗಳಲ್ಲಿ ಇದನ್ನೆಲ್ಲ ‘ಕೆಲವು ಪುಂಡರ ಕೆಲಸ’ ಎಂದು ಹಗುರ ಮಾಡುವ ರೂಢಿಯಿದೆ. ನಾನದನ್ನು ಒಪ್ಪುವುದಿಲ್ಲ. ಪುಂಡರಿಗೆ ಸಮವಸ್ತ್ರ, ಕವಾಯತು, ಪತ್ರಿಕೆ, ಸರಕಾರದಲ್ಲಿ ಮಂತ್ರಿಗಳು ಇರುವುದಿಲ್ಲ. ಅದೊಂದು ರಾಜಕೀಯ. ಆ ರಾಜಕೀಯ ತಪ್ಪಿತ್ತು ಎಂದು ಅದೇ ಕಾಲದಲ್ಲಿ ಮುಸ್ಲಿಮರೇ ಹೇಳಿದ್ದರು. ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರ ವಿರುದ್ಧ, ಭಾರತದೊಂದಿಗೆ ವಿಲೀನವಾಗುವುದರ ಪರವಾಗಿ ಬರೆದದ್ದಕ್ಕೆ 1948ರ ಆಗಸ್ಟ್ 21ರ ರಾತ್ರಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ತಹಶೀಲ್ದಾರರಾಗಿದ್ದ ಫರೀದ್ ಮಿರ್ಜಾ ರಜಾಕಾರರ ಅನ್ಯಾಯವನ್ನು ಸಹಿಸದೆ ನೌಕರಿ ಬಿಟ್ಟರು. ಮುಂದೆ ತಾವು ಕಂಡದ್ದನ್ನು ಪುಸ್ತಕವಾಗಿ ಬರೆದರು.

ಸೆಪ್ಟೆಂಬರ್ 13ರ ಬೆಳಿಗ್ಗೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ರಸ್ತೆಯಿಂದ ಒಳಗೆ ಬಂತು. ಸೇನೆಯ ಒಳಹೆಸರು ‘ಆಪರೇಷನ್ ಪೋಲೋ’. ಹೊರಗೆ ಹೇಳಿದ್ದು ಪೊಲೀಸ್ ಕಾರ್ಯಾಚರಣೆ. ಇದು ಎರಡು ದೇಶಗಳ ಯುದ್ಧವಲ್ಲ, ಒಳಾಡಳಿತದ ವಿಷಯ ಎಂದು ಜಗತ್ತಿಗೆ ತಿಳಿಸಲು. 17ರಂದು ನಿಜಾಮ ಶರಣಾದ. 18ರಂದು ಅವನ ಸೇನಾಪತಿ ಎಲ್ ಎಡ್ರೂಸ್ ವಿಧಿಬದ್ಧವಾಗಿ ಶರಣಾಗತಿ ಒಪ್ಪಿಸಿದ. ಐದು ದಿನ. ಶಾಲೆಯ ಪುಸ್ತಕದಲ್ಲಿ ಪಾಠ ಇಲ್ಲಿಗೆ ಮುಗಿಯುತ್ತದೆ.

ಹಳ್ಳಿಗಳಲ್ಲಿ ಮುಗಿಯಲಿಲ್ಲ. ಸೇಡು ಶುರುವಾಯಿತು. ರಜಾಕಾರರು ಯಾರು, ಬರೀ ಗಡ್ಡವಿದ್ದವರು ಯಾರು ಎಂದು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ದೊಡ್ಡವರು ಬಹುಮಟ್ಟಿಗೆ ಪಾರಾದರು. ಪ್ರಧಾನಿ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ರಜವಿ ಜೈಲು ಮುಗಿಸಿ 1957ರಲ್ಲಿ ಅಲ್ಲಿಗೇ ಹೋದ. ‘ನಾನೇ ದೊರೆ’ ಎಂದು ನಂಬಿದ್ದ ನೇಕಾರನೂ, ಆ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದ ಅವನ ನೆರೆಯವನೂ ತೊಗರಿ ಹೊಲಗಳಲ್ಲಿ ಅಡಗಿ ಕೂತರು. ಕೆಲವರು ಬದುಕಿದರು.

ಈ ವಾರಗಳಲ್ಲಿ ಏನಾಯಿತು ಎಂದು ಹತ್ತಿರದಿಂದ ನೋಡಿ ಬರೆದ ಒಂದು ದಾಖಲೆ ಇದೆ. ದೂರುಗಳು ದಿಲ್ಲಿಗೆ ಮುಟ್ಟಿದಾಗ ಭಾರತ ಸರಕಾರದ ಕೋರಿಕೆಯ ಮೇಲೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರಿದ್ದ ಸದ್ಭಾವನಾ ತಂಡವೊಂದು ಸಂಸ್ಥಾನಕ್ಕೆ ಬಂತು. ಸುಂದರಲಾಲರು ಗಾಂಧೀವಾದಿ. ಬ್ರಿಟಿಷ್ ಆಳ್ವಿಕೆಯ ಬಗ್ಗೆ ಅವರು ಹಿಂದಿಯಲ್ಲಿ ಬರೆದ ಪುಸ್ತಕವನ್ನು 1929ರಲ್ಲಿ ಬ್ರಿಟಿಷರು ಜಪ್ತಿ ಮಾಡಿದ್ದರು. ಕಾಜಿ ಸಾಹೇಬರು ಹೈದರಾಬಾದಿನ ‘ಪಯಾಮ್’ ಪತ್ರಿಕೆಯ ಸಂಪಾದಕರಾಗಿದ್ದವರು. ‘ಲೈಲಾ ಕೇ ಖುತೂತ್’ ಬರೆದ ಕತೆಗಾರ ಎಂದು ಉರ್ದು ಓದುಗರು ಇಂದಿಗೂ ಅವರನ್ನು ಬಲ್ಲರು. ಒಬ್ಬ ವೇಶ್ಯೆಯ ಪತ್ರಗಳ ರೂಪದಲ್ಲಿ ಕಾದಂಬರಿ ಬರೆದವನು ಹಳ್ಳಿಹಳ್ಳಿ ತಿರುಗಿ ಹೆಣ ಎಣಿಸುವ ಕೆಲಸ ಮಾಡಬೇಕಾಯಿತು.

1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದಲ್ಲಿದ್ದರು. 16ರಲ್ಲಿ 9 ಜಿಲ್ಲೆ, 7 ಜಿಲ್ಲಾ ಕೇಂದ್ರ, 21 ಪಟ್ಟಣ, 23 ಮುಖ್ಯ ಹಳ್ಳಿ ನೋಡಿದರು. ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಹೇಳಿಕೆ ಕೇಳಿದರು. ಸಾರ್ವಜನಿಕ ಸಭೆಗಳಲ್ಲೂ ಮಾತಾಡಿದರು, ಖಾಸಗಿಯಾಗಿಯೂ ಕೂತು ಕೇಳಿದರು. ಕೊಟ್ಟ ಲೆಕ್ಕ ಇದು: ಅತ್ಯಂತ ಸಂಯಮದ ಅಂದಾಜಿನಲ್ಲಿಯೂ ಇಡೀ ಸಂಸ್ಥಾನದಲ್ಲಿ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡಿದ್ದಾರೆ. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗ, ಬೀದರ, ನಾಂದೇಡ. ಇವು ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಹೆಣ ತುಂಬಿದ ಬಾವಿಗಳನ್ನು ಅವರೇ ಕಂಡರು.

ಗುಲಬರ್ಗ ಜಿಲ್ಲೆ ಎಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ, ವಾಡಿ ಎಲ್ಲವೂ ಅದರಲ್ಲಿ ಬಂತು. ಕಾಳಗಿ ಆಗ ತಾಲೂಕಾಗಿರಲಿಲ್ಲ.

ಈ ವರದಿಯನ್ನು ನಾನು ಓದಿದಾಗ ಅದರ ಸಂಖ್ಯೆಗಳಷ್ಟೇ ಅದರ ನಡಾವಳಿಯೂ ಮನಸ್ಸಿಗೆ ತಟ್ಟಿತು. ಸೇನೆಯ ಹಾಗೂ ಪೊಲೀಸಿನ ಕೆಲವರು ಲೂಟಿಯಲ್ಲಿ, ಅದಕ್ಕಿಂತ ಹೀನವಾದ ಕೃತ್ಯಗಳಲ್ಲಿ ಪಾಲುಗೊಂಡರು ಎಂದು ಅದು ಹೇಳುತ್ತದೆ. ಒಟ್ಟಾರೆ ಸೇನೆಯ ಶಿಸ್ತು ಚೆನ್ನಾಗಿತ್ತು, ಅನೇಕ ಅಧಿಕಾರಿಗಳು ಜನರನ್ನು ಕಾಪಾಡಿದರು ಎಂದೂ ಹೇಳುತ್ತದೆ. ರಜಾಕಾರರು ಊರಿಗಿಷ್ಟು ಎಂದು ತಿಂಗಳ ಪಟ್ಟಿ ಹೇರುತ್ತಿದ್ದದ್ದು, ಕೊಡದ ಕಡೆ ಲೂಟಿ, ಬೆಂಕಿ, ಕೊಲೆ ನಡೆಸಿದ್ದು ಅದರಲ್ಲಿದೆ. ಕಸುಬು ಒಂದಾಗಿದ್ದವರ ನಡುವೆ ಕರುಣೆ ಹೆಚ್ಚಿತ್ತು ಎಂಬ ಒಂದು ಮಾತು ಅದರಲ್ಲಿ ಬರುತ್ತದೆ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು ತಾವೇ ಜೀವ ಕೊಟ್ಟರಂತೆ. ಅಪಹರಿಸಿದ ಹೆಂಗಸರನ್ನು ಹುಡುಕಿ ತರಲು ನೆರವಾದ ಹಿಂದೂಗಳ ಬಗ್ಗೆಯೂ ಬರೆದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಸೌಹಾರ್ದದ ಭಾಷಣ ಮಾಡುವವರು ಬಂದೇ ನವಾಜರ ದರ್ಗಾ ಮತ್ತು ಶರಣಬಸವೇಶ್ವರ ಗುಡಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಚಹಾ ಕುಡಿದು ಹೊರಡುತ್ತಾರೆ. ಮಗ್ಗದ ಮುಂದೆ ಸತ್ತ ಆ ನೇಕಾರರ ಹೆಸರು ಯಾರ ಭಾಷಣದಲ್ಲೂ ಬಂದದ್ದನ್ನು ನಾನು ಕೇಳಿಲ್ಲ.

ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ಗೃಹಮಂತ್ರಿ ಸರದಾರ್ ಪಟೇಲರು ಸದ್ಭಾವನೆಗೆಂದು ಹೋದವರಿಗೆ ತನಿಖೆ ಯಾರು ಒಪ್ಪಿಸಿದ್ದು ಎಂಬ ಧಾಟಿಯಲ್ಲಿ ಅದನ್ನು ತಳ್ಳಿಹಾಕಿದರು. ರಜಾಕಾರರ ಕಾಲದ ಹಿಂಸೆಯನ್ನು ವರದಿ ಕೆಲವೇ ಸಾಲುಗಳಲ್ಲಿ ಮುಗಿಸುತ್ತದೆ ಎಂಬ ದೂರು ಇಂದು ಯಾರಾದರೂ ಎತ್ತಿದರೆ ಅದರಲ್ಲಿ ಹುರುಳಿದೆ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಪರಿಹಾರ ಗೋರಟಾದ ಮೇಲೆ, ಸುಟ್ಟ ಹಳ್ಳಿಗಳ ಮೇಲೆ ಇನ್ನೊಂದು ವರದಿ ಬರೆಸುವುದಾಗಿತ್ತು. ಬರೆದಿದ್ದನ್ನೂ ಕಪಾಟಿಗೆ ಹಾಕಿದ್ದರಿಂದ ಎರಡೂ ಕಡೆಯ ಸತ್ತವರಿಗೆ ಲೆಕ್ಕ ಇಲ್ಲದಾಯಿತು. 1988ರಲ್ಲಿ ಒಮರ್ ಖಾಲಿದಿ ತಮ್ಮ ಸಂಪಾದಿತ ಪುಸ್ತಕದಲ್ಲಿ ಅದರ ಭಾಗಗಳನ್ನು ಅಚ್ಚು ಹಾಕಿದರು. 2013ರಲ್ಲಿ ಎ.ಜಿ. ನೂರಾನಿ ಹೈದರಾಬಾದಿನ ಬಗೆಗಿನ ತಮ್ಮ ಗ್ರಂಥದಲ್ಲಿ ಪೂರ್ತಿಯಾಗಿ ಕೊಟ್ಟರು. ದಿಲ್ಲಿಯ ನೆಹರೂ ಗ್ರಂಥಾಲಯದಲ್ಲಿ ಅದನ್ನು ನೋಡಬಹುದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೂ ಅದೇ ವರ್ಷ. ಬರೆದು 65 ವರ್ಷವಾಗಿತ್ತು.

ದಾಖಲೆ ಮುಚ್ಚಿಟ್ಟಾಗ ಸಂಖ್ಯೆಗಳು ಗಾಳಿಯಲ್ಲಿ ಬೆಳೆಯುತ್ತವೆ. ಇಸ್ಲಾಮಿನ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1950ರಲ್ಲೇ ಬರೆದ ಲೇಖನದಲ್ಲಿ, ಎರಡು ಲಕ್ಷದವರೆಗೂ ಅಂದಾಜು ಮಾಡುವವರಿದ್ದಾರೆ ಎಂದು ದಾಖಲಿಸಿದ್ದಾರೆ. ನಮ್ಮ ಉರ್ದು ವಲಯದಲ್ಲಿ ಆ ಎರಡು ಲಕ್ಷವೇ ಖಾಯಂ ಆಗಿಬಿಟ್ಟಿದೆ. ಮಜಲಿಸ್ಸುಗಳಲ್ಲಿ ಅದನ್ನು ಹೇಳುವಾಗ ದನಿಯಲ್ಲಿ ದುಃಖದ ಜೊತೆ ಒಂದು ಬಗೆಯ ತೃಪ್ತಿಯೂ ಇರುತ್ತದೆ. ನಡೆದು ಹೋಗಿ, ಬಾವಿ ಬಗ್ಗಿ ನೋಡಿ, ಕಡಿಮೆ ಎಂದರೆ 27 ಸಾವಿರ ಎಂದು ಬರೆದವರ ಸಂಖ್ಯೆ ನಮಗೆ ಸಾಲದು ಎನ್ನುವುದಾದರೆ, ಆ 27 ಸಾವಿರ ಜನರ ಸಾವನ್ನು ನಾವೇ ಸಣ್ಣದು ಮಾಡಿದಂತಾಗುತ್ತದೆ. ಇನ್ನೊಂದು ಕಡೆಯ ಲೆಕ್ಕವಂತೂ ಸೊನ್ನೆ. ವಿಮೋಚನೆಯ ಪುಸ್ತಕಗಳಲ್ಲಿ ಸೆಪ್ಟೆಂಬರ್ 17ರ ನಂತರ ಯಾರೂ ಸಾಯುವುದಿಲ್ಲ.

ಸತ್ತವರ ಲೆಕ್ಕ ಬರೆಯುವ, ಬರೆಯದಿರುವ ಸಂಗತಿ ನಮ್ಮ ಚಿತ್ತಾಪುರ ತಾಲೂಕಿಗೆ ಹೊಸತಲ್ಲ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ಮೂರ್ತಿ ನಿಂತಿದ್ದ ಪೀಠವನ್ನು ಎತ್ತಿದಾಗ ಅದು ಅಶೋಕನ ಶಾಸನದ ಚಪ್ಪಡಿ ಎಂದು ಗೊತ್ತಾಯಿತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಅಲ್ಲಿದ್ದ ಅಕ್ಷರಗಳು ಹೋಗಿವೆ. ಆ ಚಪ್ಪಡಿಯಲ್ಲಿ ಅವನ 12ನೇ ಶಾಸನವಿದೆ. ತನ್ನ ಮತವನ್ನು ಹೊಗಳಿಕೊಂಡು ಪರರ ಮತವನ್ನು ಹಳಿಯಬೇಡಿ, ನಾಲಿಗೆ ಹಿಡಿತದಲ್ಲಿರಲಿ ಎಂದು ಹೇಳುವ ಶಾಸನ ಅದು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಶೋಕ ಒಪ್ಪಿಕೊಂಡದ್ದು 13ನೇ ಶಾಸನದಲ್ಲಿ. ಗೆದ್ದ ರಾಜನೇ ಕೊಂದವರ ಲೆಕ್ಕವನ್ನು ಕಲ್ಲಿನಲ್ಲಿ ಬರೆಸಿದ ಎಂದು ನಾವು ಅವನನ್ನು ಮೆಚ್ಚುತ್ತೇವೆ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ 13ನೆಯದನ್ನು ಅವನು ಬರೆಸಲಿಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ನ್ಯಾಯವಾಗಿ ನಡೆಯಿರಿ ಎನ್ನುವ ಎರಡು ಬೇರೆ ಶಾಸನಗಳಿವೆ. ಸನ್ನತಿಯಲ್ಲೂ ಅವೇ ಎರಡು ಸಿಕ್ಕಿವೆ. ಮಕ್ಕಳನ್ನು ಕಳೆದುಕೊಂಡವರ ಊರಿನಲ್ಲಿ ಸತ್ತವರ ಲೆಕ್ಕ ಬರೆಸುವ ಧೈರ್ಯ ಅಶೋಕನಿಗೂ ಬರಲಿಲ್ಲ. ಹಾಗಿದ್ದ ಮೇಲೆ ನಮ್ಮ ಮಂತ್ರಿಗಳದ್ದೇನು!

ಲೆಕ್ಕಕ್ಕೆ ಸಿಕ್ಕದ ಇನ್ನೂ ಕೆಲವು ಸಂಗತಿಗಳಿವೆ. ಹಿಂದೂ, ಮುಸ್ಲಿಂ ಎಂಬ ಎರಡೇ ಖಾನೆಯ ಕಾಗದದಲ್ಲಿ ದಲಿತರನ್ನು ಎಲ್ಲಿ ಬರೆಯುವುದು? ಖರ್ಗೆಯವರ ಮನೆ ಸುಟ್ಟದ್ದು ರಜಾಕಾರರು. ಅದೇ ಕಾಲದಲ್ಲಿ ದಲಿತ ನಾಯಕ ಬಿ.ಎಸ್. ವೆಂಕಟರಾವ್ ಲಾಯಕ್ ಅಲಿಯವರ ಮಂತ್ರಿಮಂಡಲದಲ್ಲಿದ್ದರು. ಬಿ. ಶ್ಯಾಮಸುಂದರ್ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದರು. ನಿಜಾಮನ ಪರ ನಿಲ್ಲಬೇಡಿ ಎಂದು ಅಂಬೇಡ್ಕರರು 1947ರಲ್ಲೇ ಸಂಸ್ಥಾನದ ದಲಿತರಿಗೆ ಹೇಳಿದ್ದರು. ಇದೇ ಶ್ಯಾಮಸುಂದರ್ ಮುಂದೆ 1968ರಲ್ಲಿ ಗುಲಬರ್ಗದಲ್ಲಿ ಭೀಮಸೇನೆ ಕಟ್ಟಿ ಈ ಭಾಗದ ದಲಿತ ಚಳವಳಿಗೆ ದಾರಿ ಹಾಕಿದರು. ಗೌಡ, ದೇಸಾಯಿಗಳ ಹೊಲದಲ್ಲಿ ದುಡಿಯುವವನಿಗೆ ನಿಜಾಮನ ದರಬಾರು ಯಾಕೆ ಆಸರೆಯಾಗಿ ಕಂಡಿರಬಹುದು ಎಂದು ಕೇಳದೆ ಈ ಭಾಗದ 1948ನ್ನು ಬರೆಯಲಾಗದು. ಊರೂರಿನಲ್ಲಿ ನಡೆದ ಕೆಲವು ಸುಲಿಗೆಗಳ ಹಿಂದೆ ಧರ್ಮದ ಸಿಟ್ಟಿಗಿಂತ ಸಾಲದ ಕಾಗದ ಸುಡುವ ಆಸೆ, ಇನಾಮು ಜಮೀನಿನ ಮೇಲಿನ ಕಣ್ಣು ಇತ್ತೆಂದು ಹಿರಿಯರು ಹೇಳುತ್ತಾರೆ. ಇವನ್ನು ನಿಜವೋ ಸುಳ್ಳೋ ಎಂದು ತಾಳೆ ನೋಡಲು ಜಮೀನಿನ ಕಡತಗಳನ್ನೇ ತೆರೆಯಬೇಕು.

ಅಲ್ಲಿ ತೊಡಕು ಭಾಷೆಯದು. ನಮ್ಮ ತಾಲೂಕು ಕಚೇರಿಗಳ ಹಳೆಯ ಸೇತ್ವಾರ್, ಮುಂತಖಾಬ್, ಖಾಸ್ರಾ ಪಹಣಿಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಅದೂ ಗೀಚುಬರಹದ ‘ಶಿಕಸ್ತಾ’ ಲಿಪಿಯಲ್ಲಿ. ಮದರಸಾದಲ್ಲಿ ಓದಿದ ಹುಡುಗನಿಗೂ ಅದು ಸುಲಭಕ್ಕೆ ಬಗ್ಗದು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋದಾಗ ಜಿಲ್ಲೆಗಳು ಈ ಕಡೆ ಬಂದವು, ಸಂಸ್ಥಾನದ ದಫ್ತರು ಹೈದರಾಬಾದಿನಲ್ಲೇ ಉಳಿಯಿತು. ಇಂದು ಅದು ತಾರ್ನಾಕಾದ ತೆಲಂಗಾಣ ಪತ್ರಾಗಾರದಲ್ಲಿದೆ. ಕಲಬುರಗಿಯ ಚರಿತ್ರೆ ಬರೆಯುವವರು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗಿ ಉರ್ದು, ಫಾರಸಿ ಕಡತ ಬಿಡಿಸಬೇಕು. ನಮ್ಮಲ್ಲಿ ಎಷ್ಟು ಜನ ಹಾಗೆ ಮಾಡಿದ್ದಾರೆ? ಕನ್ನಡದ ಸಂಶೋಧಕ ಮಳಖೇಡದ ರಾಷ್ಟ್ರಕೂಟರಿಗಾಗಿ ಹಳಗನ್ನಡ, ಸಂಸ್ಕೃತ, ಪ್ರಾಕೃತ ಕಲಿಯುತ್ತಾನೆ. ತನ್ನ ಅಜ್ಜನ ಜಮೀನಿನ ಕಾಗದ ಓದಲು ಬೇಕಾದ ಉರ್ದು ಅವನಿಗೆ ಪರರ ಭಾಷೆ. ಉರ್ದುವಿನ ಲೇಖಕನಿಗಂತೂ ಕನ್ನಡದ ಹಳ್ಳಿಗನ ಸಂಕಟ ಚರಿತ್ರೆ ಎಂದೇ ಅನ್ನಿಸಿಲ್ಲ. ಚಾರ್‌ಮಿನಾರಿನ ಸುತ್ತಲ ನಾಲ್ಕು ಮೈಲಿ ಬಿಟ್ಟರೆ ಸಂಸ್ಥಾನವೇ ಇರಲಿಲ್ಲವೇನೋ ಎಂಬಂತೆ ಅವನ ನೆನಪುಗಳಿವೆ.

ಬರೆಯಬೇಕಾದವರು ಬರೆಯದಿದ್ದಾಗ ಆ ಜಾಗ ಖಾಲಿ ಇರುವುದಿಲ್ಲ. ರಾಜಕಾರಣ ಬಂದು ಕೂರುತ್ತದೆ. ಕರ್ನಾಟಕದಲ್ಲಿ ವಿಮೋಚನಾ ದಿನವೆಂದು ಆಚರಿಸುತ್ತಿದ್ದ ಸೆಪ್ಟೆಂಬರ್ 17 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಯಿತು. 2023ರ ಮಾರ್ಚ್ 26ರಂದು, ವಿಧಾನಸಭೆ ಚುನಾವಣೆಗೆ ತಿಂಗಳೂ ಸ್ವಲ್ಪವೂ ಬಾಕಿಯಿದ್ದಾಗ, ಗೃಹಮಂತ್ರಿ ಅಮಿತ್ ಶಾ ಗೋರಟಾದಲ್ಲಿ ಹುತಾತ್ಮರ ಸ್ಮಾರಕವನ್ನೂ ಪಟೇಲರ ಪ್ರತಿಮೆಯನ್ನೂ ಉದ್ಘಾಟಿಸಿದರು. 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ, ಕೇಂದ್ರ ಸರಕಾರ ಸೆಪ್ಟೆಂಬರ್ 17ನ್ನು ಹೈದರಾಬಾದ್ ವಿಮೋಚನಾ ದಿನವೆಂದು ಅಧಿಸೂಚನೆ ಹೊರಡಿಸಿತು. ಅದೇ ತಿಂಗಳು ರಜಾಕಾರರ ಬಗೆಗಿನ ತೆಲುಗು ಸಿನಿಮಾ ಬಂತು. ಗೋರಟಾದಲ್ಲಿ ಸ್ಮಾರಕ ಬೇಕೇ ಬೇಕು, ಎಂದೋ ಆಗಬೇಕಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಚುನಾವಣೆಯ ಪಂಚಾಂಗ ನೋಡಿ ಸತ್ತವರನ್ನು ಎಬ್ಬಿಸುವುದಕ್ಕಷ್ಟೇ ತಕರಾರು.

2024ರ ನವೆಂಬರ್‌ನಲ್ಲಿ ನಡೆದದ್ದನ್ನು ನೋಡಿ. ಮಹಾರಾಷ್ಟ್ರದ ಚುನಾವಣಾ ಸಭೆಯಲ್ಲಿ ಉತ್ತರಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್, ಖರ್ಗೆಯವರ ತಾಯಿಯನ್ನು ಸುಟ್ಟವರು ರಜಾಕಾರರು, ಮತದ ಆಸೆಗೆ ಅವರದನ್ನು ಹೇಳುತ್ತಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಒಬ್ಬ ಮನುಷ್ಯನಿಗೆ ನಿನ್ನ ತಾಯಿಯ ಚಿತೆಯನ್ನು ನಾನು ಹೇಳಿದ ಹಾಗೆ ನೆನೆ ಎಂದು ಅಪ್ಪಣೆ ಕೊಟ್ಟ ಹಾಗೆ! ಚಿತ್ತಾಪುರದ ಶಾಸಕರೂ ಆದ ಮಗ ಪ್ರಿಯಾಂಕ್ ಖರ್ಗೆ ಉತ್ತರ ಕೊಟ್ಟರು. ಅದು ರಜಾಕಾರರು ಮಾಡಿದ್ದು, ಇಡೀ ಮುಸ್ಲಿಂ ಸಮುದಾಯ ಮಾಡಿದ್ದಲ್ಲ. ತಂದೆಯವರು ಆ ದುಃಖವನ್ನು ರಾಜಕೀಯ ಲಾಭಕ್ಕೆ ಎಂದೂ ಬಳಸಿಲ್ಲ ಎಂಬುದು ಅದರ ತಿರುಳು. ನಮ್ಮವರು ಈ ಮಾತಿಗೆ ಸಂತೋಷಪಟ್ಟು ಮೊಬೈಲಿನಲ್ಲಿ ಹಂಚಿದರು. ಮನೆ ಕಳೆದುಕೊಂಡವರೇ ಹೀಗೆ ಹೇಳಿದ್ದು ದೊಡ್ಡ ಮಾತು. ಅದರ ಜೊತೆಗೆ ನಮ್ಮ ಕಡೆಯಿಂದಲೂ ಒಂದು ಮಾತು ಹೊರಡಬೇಕಿತ್ತು: ವರವಟ್ಟಿಯಲ್ಲಿ ಸತ್ತ ತಾಯಿಮಗಳ ಬಗ್ಗೆ ಬರೀ ವಿಷಾದದ ಒಂದು ಮಾತು, ಅದರ ಬಾಲಕ್ಕೆ ‘ಆದರೆ ನಮ್ಮ ನಲವತ್ತು ಸಾವಿರ’ ಎಂದು ಸೇರಿಸದ ಮಾತು. ನಾನು ನೋಡಿದ ಮಟ್ಟಿಗೆ ಹೊರಡಲಿಲ್ಲ. ಒಂದು ಹೆಣಕ್ಕೆ ಇನ್ನೊಂದು ಹೆಣವನ್ನು ಜವಾಬಾಗಿ ಒಡ್ಡುವ ಈ ಚಟ ಎರಡೂ ಕಡೆ ಇದೆ. ಟಿ.ವಿ. ಚರ್ಚೆಗಳು ನಡೆಯುವುದೇ ಅದರಿಂದ.

ಇನ್ನು ಹಳ್ಳಿಗೆ ಹೋಗಿ ಕೇಳುವವರ ವಿಷಯ. ಕಳೆದ ಕೆಲವು ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಒಳ್ಳೆಯ ಕೆಲಸವಾಗಿದೆ. ಟೇಲರ್ ಶೆರ್ಮನ್ 2015ರಲ್ಲಿ, ಸುನಿಲ್ ಪುರುಷೋತ್ತಮ್ 2021ರಲ್ಲಿ, ಅಫ್ಸರ್ ಮೊಹಮ್ಮದ್ 2023ರಲ್ಲಿ ಪುಸ್ತಕ ತಂದಿದ್ದಾರೆ. ಅಫ್ಸರ್ ಅವರದು ಬಹುಪಾಲು ಕಂಡವರ ಮತ್ತು ಕೇಳಿದವರ ಬಾಯಿಮಾತುಗಳ ಮೇಲೆ ನಿಂತದ್ದು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರೂ ಈಗ ಮೊಬೈಲ್ ಹಿಡಿದು ಇಂಥ ಕೆಲಸಕ್ಕೆ ಇಳಿಯುತ್ತಿದ್ದಾರೆ. ಸಂತೋಷ. ಆದರೆ ಕೆಲವರು ಊರಿಗೆ ಬಂದು ಮೊದಲು ಕೇಳುವ ಪ್ರಶ್ನೆಯೇ ‘ಇಲ್ಲಿ ಹೆಂಗಸರು ಬಿದ್ದ ಬಾವಿ ಯಾವುದು?’ ಎಂದು.

ಒಂದು ಹಳ್ಳಿಯಲ್ಲಿ ನಾನೂ ಒಬ್ಬ ಮುದುಕಿಯ ಮುಂದೆ ಕೂತಿದ್ದೆ. ಊರು ಹೇಳುವುದಿಲ್ಲ. ತನ್ನನ್ನು ಅಡಗಿಸಿಟ್ಟ ಹಿಂದೂ ಮನೆಯ ಬಗ್ಗೆ, ಅಲ್ಲಿ ತಿಂದ ರೊಟ್ಟಿಯ ಬಗ್ಗೆ, ಹಣೆಗೆ ಕುಂಕುಮವಿಟ್ಟು ಸೊಸೆ ಎಂದು ತೋರಿಸಿದ ಬಗ್ಗೆ ಅವರು ತುಂಬ ಹೊತ್ತು ಹೇಳಿದರು. ನಡುವೆ ಅಕ್ಕನ ಹೆಸರು ಬಂತು. ಆಗ ‘ಬೇಟಾ, ಆ ಪೆಟ್ಟಿಗೆ ಬಂದ್ ಮಾಡು’ ಎಂದರು. ಮೊಬೈಲಿಗೆ ಅವರು ಪೆಟ್ಟಿಗೆ ಎನ್ನುತ್ತಿದ್ದರು. ಬಂದ್ ಮಾಡಿದೆ. ಮುಂದೆ ಅವರು ಹೇಳಿದ್ದನ್ನು ನಾನು ಎಲ್ಲೂ ಬರೆದಿಲ್ಲ, ಕತೆಯಲ್ಲಿ ಕೂಡ. ಕತೆಗಾರನಿಗೆ ಇಂಥ ಕಡೆ ಆಸೆ ಹೆಚ್ಚು; ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳುತ್ತಾನೆ. ಹಳ್ಳಿಯಲ್ಲಿ ಹೆಸರು ಬದಲಿಸಿದರೂ ಬಾವಿ ಅದೇ ಇರುತ್ತದೆ, ಮನೆ ಅದೇ ಇರುತ್ತದೆ, ಮೊಮ್ಮಕ್ಕಳ ನಿಕಾಹ್ ಮಾತುಕತೆ ನಡೆಯುತ್ತಿರುತ್ತದೆ. ಇತ್ತ ಕಡೆಯೂ ಅಷ್ಟೇ. ರಜಾಕಾರರು ಎಳೆದೊಯ್ದ ಹುಡುಗಿಯ ಹೆಸರನ್ನು ಅವಳ ಮನೆಯವರು ನುಂಗಿಕೊಂಡಿದ್ದರೆ, ಯಾವುದೋ ವೇದಿಕೆಯ ಮೇಲೆ ಅದನ್ನು ಕೂಗುವ ಹಕ್ಕು ಹೊರಗಿನವನಿಗೆ ಎಲ್ಲಿಂದ ಬಂತು?

ಆದ್ದರಿಂದ ಏನೂ ಕೇಳದೆ ಸುಮ್ಮನಿರಬೇಕು ಎಂದು ನಾನು ಹೇಳುತ್ತಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೇಳು ದಾಟಿದೆ. ಕೇಳುವ ಕೆಲಸಕ್ಕೆ ಉಳಿದಿರುವ ಕಾಲ ತೀರ ಕಡಿಮೆ. ಕೇಳುವಾಗ ಗದ್ಲದ ಬಗ್ಗೆಯೂ ಆ್ಯಕ್ಷನ್ ಬಗ್ಗೆಯೂ ಕೇಳಲಿ, ಎರಡೂ ಓಣಿಗಳಲ್ಲಿ ಕೇಳಲಿ, ಒಬ್ಬರೇ ಹೋಗದೆ ಉರ್ದು ಬಲ್ಲವರೊಬ್ಬರು, ಕನ್ನಡ ಬಲ್ಲವರೊಬ್ಬರು ಜೊತೆಯಾಗಿ ಹೋಗಲಿ. ಯಾವುದನ್ನು ಈಗ ಅಚ್ಚು ಹಾಕಬಹುದು, ಯಾವುದನ್ನು ಮುಚ್ಚಿಟ್ಟು ಇನ್ನೊಂದು ತಲೆಮಾರಿಗೆ ತೆಗೆಯಬೇಕು ಎಂಬುದನ್ನು ಹೇಳಿದವರೇ ತೀರ್ಮಾನಿಸಲಿ. ಹಾಗೆ ಮೊಹರು ಹಾಕಿ ಕಾಪಾಡುವ ವ್ಯವಸ್ಥೆ ಬೇರೆ ದೇಶಗಳ ಗ್ರಂಥಾಲಯಗಳಲ್ಲಿದೆ. ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಒಂದು ಕೋಣೆ, ಎರಡು ಕಪಾಟು, ಉರ್ದು ಶಿಕಸ್ತಾ ಓದಬಲ್ಲ ಒಬ್ಬ ಮನುಷ್ಯ ಇದ್ದರೆ ಇದು ಆಗುವ ಕೆಲಸ. ಶಿಕಸ್ತಾ ಬಿಡಿಸಬಲ್ಲ ಮುನ್ಷಿಗಳು ನಮ್ಮ ಕಡೆ ಇನ್ನೂ ಕೆಲವರಿದ್ದಾರೆ. ಅರ್ಜಿ ಬರೆದುಕೊಡುತ್ತ, ಹಳೆಯ ಮುಂತಖಾಬಿನ ನಕಲು ಅನುವಾದಿಸಿಕೊಡುತ್ತ ಹೊಟ್ಟೆ ಹೊರೆಯುತ್ತಾರೆ. ಎಲ್ಲರಿಗೂ ವಯಸ್ಸಾಗಿದೆ.